ನಾನು ಕಮಲಕ್ಕನಾಗಿದ್ದ ಮಳೆಗಾಲ

ಹೋಳಿಯ ಮರುದಿನ ಮೊಮ್ಮಗಳು ಎರಡೂ ಕೈ ನನ್ನ ಮುಖದ ಮುಂದೆ ಹಿಡಿದು ನಿಂತಳು. "ಅಜ್ಜಿ, ಯೇ ಕಲರ್ ಹೋಗ್ತಾನೇ ಇಲ್ಲ. ನಾಳೆ ಆಫೀಸ್ ಇದೆ ನಂಗೆ. ಕುಛ್ ಹೇಳು ನಾ, ನಿಂಗೆ ಸಬ್ ಗೊತ್ತು ಅಲ್ವಾ?" ಬೆರಳ ತುದಿಗಳೆಲ್ಲ ಗುಲಾಬಿ, ಉಗುರಿನ ಸಂದಿಯಲ್ಲಿ ಇನ್ನೂ ಗಾಢ. ಅಷ್ಟರಲ್ಲಿ ಅವಳ ತಾಯಿ ಒಂದು ಬಟ್ಟಲಲ್ಲಿ ಕಡಲೆಹಿಟ್ಟಿಗೆ ಲಿಂಬೆಹಣ್ಣು ಹಿಂಡಿಕೊಂಡು ಬಂದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ಸಿಟ್ಟು ಬಂತು. ಮೊಮ್ಮಗಳ ಮೇಲಲ್ಲ, ಸೊಸೆಯ ಮೇಲೂ ಅಲ್ಲ. ಐವತ್ತು ವರ್ಷದ ಹಳೇ ಸಿಟ್ಟು. "ನನಗ ಗೊತ್ತಿಲ್ಲವ್ವಾ" ಅಂದುಬಿಟ್ಟೆ. ಸುಳ್ಳು ಹೇಳಿದೆ. ಗೊತ್ತಿದ್ದದ್ದನ್ನು ಒಮ್ಮೆ ಅಚ್ಚು ಹಾಕಿಸಿ ಒಬ್ಬಳ ಅನ್ನಕ್ಕೆ ಕಲ್ಲು ಹಾಕಿದ್ದೆ. ಆಮೇಲೆ ಈ ವಿಷಯದಲ್ಲಿ ಯಾರಿಗೂ ಬುದ್ಧಿ ಹೇಳಿಲ್ಲ.

ಅದು ರೇಷನ್ನಿನಲ್ಲಿ ಕೆಂಪು ಜೋಳ ಕೊಡುತ್ತಿದ್ದ ಕಾಲ. ಪರದೇಶದಿಂದ ಹಡಗಿನಲ್ಲಿ ಬಂದ ಜೋಳ. ನಮ್ಮ ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಅದನ್ನು ಜೋಳ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ರೊಟ್ಟಿ ಬಡಿಯಲು ಹೋದರೆ ಅಂಚು ಸೀಳುತ್ತಿತ್ತು, ಎತ್ತಲು ಹೋದರೆ ನಡುವೆ ಹರಿಯುತ್ತಿತ್ತು. ಸಕ್ಕರೆಗೆ ಒಂದು ಸಾಲು, ಸೀಮೆಎಣ್ಣೆಗೆ ಇನ್ನೊಂದು ಸಾಲು. ನಾವಿದ್ದದ್ದು ಮುಂಬಯಿಯಲ್ಲಿ, ಜೋಗೇಶ್ವರಿಯ ಒಂದು ಚಾಳಿನಲ್ಲಿ, ಒಂದೂವರೆ ಖೋಲಿ. ಅರ್ಧ ಖೋಲಿ ಅಂದರೆ ಒಲೆ, ಪಾತ್ರೆ ತೊಳೆಯುವ ಮೋರಿ, ಮತ್ತು ನಾನು. ಆ ವರ್ಷದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ನಾತ ಹೊಡೆಯುತ್ತಿತ್ತು. ಅದೇ ಬಟ್ಟೆಯ ಕೆಳಗೆ ಕೂತು ನಾನು "ಮಳೆಗಾಲದಲ್ಲಿ ಬಟ್ಟೆಗೆ ವಾಸನೆ ಬಾರದಂತೆ ಏನು ಮಾಡಬೇಕು" ಎಂದು ಬರೆಯುತ್ತಿದ್ದೆ. ನಮ್ಮನೆಯವರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು, ಮಾತು ಕಡಿಮೆ, ಆದರೆ ಆಡಿದರೆ ಚುಚ್ಚುವ ಮಾತು. ಒದ್ದೆ ಅಂಗಿ ತೊಟ್ಟುಕೊಳ್ಳುತ್ತ, "ನೀ ಬರೆಯೂದು ಎಲ್ಲಾ ಖರೆ ಇರತಾವ, ನಮ್ಮ ಮನ್ಯಾಗ ಒಂದ ನಡಿಯಂಗಿಲ್ಲ ನೋಡು" ಅನ್ನುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ನನಗಾಗಿಯೇ ಹುಟ್ಟಿದೆ ಎಂದು ಅವರ ಅಭಿಪ್ರಾಯ.

ನಾನು ಅಂಕಣ ಬರೆಯುವವಳಾದದ್ದು ಜಗಳದಿಂದ. ಗ್ರಾಂಟ್ ರೋಡಿನಲ್ಲಿ ಒಂದು ಉಡುಪಿ ಹೋಟೆಲಿನ ಮೇಲಿನ ಮಹಡಿಯಿಂದ ಒಂದು ಕನ್ನಡ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ "ಕಮಲಕ್ಕನ ಸಲಹೆ" ಎಂದು ಅರ್ಧ ಪುಟ. ಒಂದು ವಾರ ಕಮಲಕ್ಕ ಜೋಳದ ಹಿಟ್ಟನ್ನು ತಣ್ಣೀರಲ್ಲಿ ನಾದಿರಿ ಎಂದು ಬರೆದಿದ್ದಳು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಕಮಲಕ್ಕ ಜನ್ಮದಲ್ಲಿ ಒಂದು ರೊಟ್ಟಿಯನ್ನೂ ಬಡಿದಿಲ್ಲ" ಎಂದು ಕಾರ್ಡು ಹಾಕಿದೆ. ಮಾತು ನಿಜವೇ ಆಗಿತ್ತು. ಕಮಲಕ್ಕ ಅಂದರೆ ಸಂಪಾದಕರೇ. ದಕ್ಷಿಣ ಕನ್ನಡದ ಬ್ರಹ್ಮಚಾರಿ, ಮೂರು ಹೊತ್ತೂ ಕೆಳಗಿನ ಹೋಟೆಲಿನಲ್ಲೇ ಊಟ. ನನ್ನನ್ನು ಕರೆಸಿ, "ನೋಡಿ ಸುಶೀಲಮ್ಮ, ಇಷ್ಟು ಗೊತ್ತಿದ್ದ ಮೇಲೆ ನೀವೇ ಬರೆಯಿರಿ. ಹೆಸರು ಮಾತ್ರ ಕಮಲಕ್ಕನೇ ಇರಲಿ. ಓದುವವರಿಗೆ ಅಭ್ಯಾಸ ಆಗಿ ಉಂಟು" ಅಂದರು. ನನ್ನ ಹೆಸರಿಲ್ಲದಿದ್ದರೂ ನನ್ನ ಮಾತು ಅಚ್ಚಾಗುತ್ತದೆ ಎಂಬ ಆಸೆ. ಒಪ್ಪಿಕೊಂಡೆ.

ಬರೆಯುವುದು ನನ್ನ ಕೈಯಲ್ಲಿತ್ತು, ಅಚ್ಚಾಗುವುದು ನನ್ನ ಕೈಯಲ್ಲಿರಲಿಲ್ಲ ಎಂದು ತಿಳಿಯಲು ವರ್ಷ ಹಿಡಿಯಿತು. ಆಫೀಸಿನ ಹಿಂಭಾಗದಲ್ಲೇ ಪ್ರೆಸ್ಸು. ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವವರು ಬಿಜಾಪುರದ ಖಾದರಸಾಬರು. ಒಂದೊಂದೇ ಅಕ್ಷರ ಹೆಕ್ಕಿ ಸಾಲು ಕಟ್ಟುವ ಕೆಲಸ. ಅರ್ಧ ಪುಟ ಅಂದರೆ ಅರ್ಧ ಪುಟ ತುಂಬಲೇಬೇಕು. ನನ್ನ ಬರಹ ಎರಡು ಸಾಲು ಕಡಿಮೆ ಬಿದ್ದರೆ ಅವರ ಬಳಿ ಮೊದಲೇ ಜೋಡಿಸಿ, ದಾರ ಸುತ್ತಿ ಇಟ್ಟ ನೀತಿಮಾತುಗಳಿದ್ದವು. ಸಂಪಾದಕರು ಯಾವಾಗಲೋ ಬರೆದುಕೊಟ್ಟವು. "ನಗುಮುಖದ ಗೃಹಿಣಿಯೇ ಮನೆಯ ದೀಪ." "ಮಿತವ್ಯಯವೇ ಸಂಸಾರದ ಬೇಲಿ." ಇಂಥವು ಹತ್ತಿಪ್ಪತ್ತು. ಖಾಲಿ ಜಾಗ ಎಷ್ಟೋ ಅಷ್ಟುದ್ದದ ನೀತಿ ಎತ್ತಿ ನನ್ನ ಬರಹದ ಕೊನೆಗೆ ಇಡುತ್ತಿದ್ದರು. ನಾನು ಕೇಳಿದರೆ, "ಭರ್ತಿ ಬೇಕಲ್ರಿ ಬಾಯಾರ. ಕೆಳಗ ಬೋಳ ಬಿಟ್ರ ಸಾಹೇಬ್ರು ನನ್ನ ತೆಲಿ ಬೋಳಸ್ತಾರ" ಅನ್ನುತ್ತಿದ್ದರು. ನಕ್ಕು ಬಿಡುತ್ತಿದ್ದೆ. ಬಿಡಬಾರದಿತ್ತು.

ಇನ್ನೊಂದು ಪದ್ಧತಿ ಸಂಪಾದಕರದ್ದು. ಪತ್ರ ಬರೆದವರ ಹೆಸರಿನ ಮೊದಲ ಅಕ್ಷರ ಮತ್ತು ಊರು ಅಚ್ಚಾಗಲೇಬೇಕು. "ಊರು ಹಾಕದಿದ್ದರೆ ಪತ್ರ ನಾವೇ ಬರೆದದ್ದು ಅಂತ ಹೇಳ್ತಾರೆ. ಮತ್ತೆ, ಘಾಟ್‌ಕೋಪರ್ ಅಂತ ಹಾಕಿದರೆ ಘಾಟ್‌ಕೋಪರಿನವರೆಲ್ಲ ಆ ವಾರ ಪೇಪರ್ ತಕೊಳ್ತಾರೆ, ಗೊತ್ತುಂಟಾ?" ವ್ಯಾಪಾರದ ದೃಷ್ಟಿಯಿಂದ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಮುಂಬಯಿ ಎಷ್ಟೇ ದೊಡ್ಡದಿರಲಿ, ಒಂದು ಸ್ಟೇಷನ್ನಿನ ಸುತ್ತಲಿನ ಕನ್ನಡದವರು ಎಷ್ಟು ಜನ? ಯಾರ ಮನೆಯಲ್ಲಿ ಏನು ಬೆಂದಿದೆ ಎಂದು ಒಬ್ಬರಿಗೊಬ್ಬರಿಗೆ ಗೊತ್ತು. ಇದು ನನಗೂ ಗೊತ್ತಿತ್ತು.

ಮಳೆ ಶುರುವಾಗಿ ಕೆಲವು ವಾರ ಕಳೆದಿರಬೇಕು, ಕಾಂದಿವಲಿಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ದುಂಡನೆಯ, ನಾಲ್ಕನೇ ಇಯತ್ತೆಯ ಅಕ್ಷರ. "ಕಮಲಕ್ಕಾರಿಗೆ ಶಾಂತಾ ಮಾಡುವ ನಮಸ್ಕಾರ. ನಾನು ಬಟನ್ ಕಾರಖಾನಿಗೆ ಹೋಗತೀನಿ. ಅಂಗಿ ಬಟನ್‌ಗೆ ಬಣ್ಣಾ ಹಚ್ಚೂ ಕೆಲಸ. ಬೆರಳಿಗೆ ಗುಲಾಬಿ ಬಣ್ಣಾ ಹತ್ತತೈತಿ, ಸಾಬೂನಕ್ಕ ಹೋಗಂಗಿಲ್ಲ. ನಮ್ಮನಿಯವರು ಸಂಜೀಕ ಬರೂದ್ರಾಗ ಹೋಗಬೇಕು. ಅವರಿಗೂ ನಮ್ಮ ಭಾವಗೂ ನಾ ಕೆಲಸಕ್ಕ ಹೋಗೂದು ಗೊತ್ತಿಲ್ಲ. ಇಷ್ಟ ದಿನಾ ಅರಿಷಿಣ ಹಚ್ಚಿ ಮುಚ್ಚೀನಿ. ಉಪಾಯ ಹೇಳ್ರಿ." ಇಷ್ಟೇ. ಅತ್ತೆಯ ಕಾಟ, ಗಂಡನ ಕುಡಿತ, ಮಗುವಿನ ಕೆಮ್ಮು ಇವೇ ತುಂಬಿದ್ದ ಟಪಾಲು ಚೀಲದಲ್ಲಿ ಈ ಪತ್ರ ನನ್ನನ್ನು ಹಿಡಿದು ಅಲುಗಿಸಿತು. ಬಣ್ಣ ತೆಗೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಎರಡು ದಿನ ಮನೆಯಲ್ಲೇ ಬಟ್ಟೆಗೆ ಹಾಕುವ ಬಣ್ಣ ಬೆರಳಿಗೆ ಬಳಿದುಕೊಂಡು ಪರೀಕ್ಷೆ ಮಾಡಿದೆ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಲಿಂಬೆರಸದಲ್ಲಿ ಕಲಸಿದ ಕಡಲೆಹಿಟ್ಟು, ಉಗುರಿನ ಸಂದಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಕಡ್ಡಿ.

ಅಷ್ಟನ್ನೇ ಬರೆದು ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ನನಗೂ ಬರೆಯುವವರ ಚಟ ಅಂಟಿತ್ತಲ್ಲ. ಹೆಸರು, ಊರು ಎರಡನ್ನೂ ತೆಗೆದು "ಒಬ್ಬ ಸೋದರಿ" ಎಂದು ಹಾಕಿದೆ, ಅಲ್ಲಿಯವರೆಗೆ ಸರಿ. ಆಮೇಲೆ, "ದಿನವಿಡೀ ಕಾರ್ಖಾನೆಯಲ್ಲಿ ಪರರ ಅಂಗಿಯ ಗುಂಡಿಗಳಿಗೆ ಬಣ್ಣ ತುಂಬಿ, ಸಂಜೆ ಮನೆಯವರು ಬರುವ ಮೊದಲು ತನ್ನ ಬೆರಳ ಬಣ್ಣ ಅಳಿಸಿಕೊಳ್ಳುವ ಈ ಸೋದರಿ" ಎಂದು ಒಂದು ವಾಕ್ಯ ಹೆಣೆದೆ. ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಖುಷಿಪಟ್ಟೆ.

ಶನಿವಾರ ಪತ್ರಿಕೆ ಬಂತು. "ಒಬ್ಬ ಸೋದರಿ" ಇದ್ದಲ್ಲಿ ಸಂಪಾದಕರು "ಶಾಂ., ಕಾಂದಿವಲಿ" ಎಂದು ಹಾಕಿದ್ದರು. ನನ್ನ ವಾಕ್ಯ ಹಾಗೇ ಇತ್ತು. ಎರಡು ಸಾಲು ಕಡಿಮೆ ಬಿದ್ದಿತ್ತೆಂದು ಕಾಣುತ್ತದೆ, ಕೆಳಗೆ ಖಾದರಸಾಬರ ಭರ್ತಿ: "ಗಂಡನಿಂದ ಮುಚ್ಚಿಟ್ಟ ಕೆಲಸ ಮನೆಗೆ ಎಂದೂ ಏಳಿಗೆಯಲ್ಲ." ಆ ಸಾಲನ್ನು ಎರಡು ಸಲ ಓದಿದೆ. ಮರುಗಳಿಗೆ, ಇದನ್ನೆಲ್ಲ ಅಷ್ಟು ಗಮನವಿಟ್ಟು ಯಾರು ಓದುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಸೀಮೆಎಣ್ಣೆ ಸಾಲಿಗೆ ಹೋದೆ.

ಓದುವವರು ಓದಿದ್ದರು. ಹತ್ತು ದಿನಕ್ಕೆ ಅದೇ ದುಂಡನೆಯ ಅಕ್ಷರದಲ್ಲಿ ಎರಡನೇ ಪತ್ರ ಬಂತು. "ಅಕ್ಕಾರ, ಐತವಾರ ನಮ್ಮ ಭಾವ ಪೇಪರ್ ಓದತಾರ, ಸುತ್ತ ಮುತ್ತಲಿನ ನಮ್ಮ ಮಂದಿ ಎಲ್ಲಾ ಕೂತು ಕೇಳತಾರ. ನಿಮ್ಮದು ಓದಿದ್ರು. ನಾ ಒಳಗ ರೊಟ್ಟಿ ಮಾಡಲಿಕ್ಕೆ ಹತ್ತಿದ್ದೆ. ಎಲ್ಲಾರೂ ನನ್ನ ಕೈ ನೋಡಿದ್ರು. ಕೆಲಸ ಬಿಡಿಸ್ಯಾರ. ಈಗ ಕೈ ಸ್ವಚ್ಛ ಅದಾವ. ಲಿಂಬಿಹಣ್ಣು ಬೇಕಾಗಲಿಲ್ಲ." ಬೈದು ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹುಡುಗಿ ಬೈದಿರಲಿಲ್ಲ. ಪತ್ರ ಕೈಯಲ್ಲಿ ಹಿಡಿದು ಹಾಗೇ ಲೋಕಲ್ ಹತ್ತಿ ಗ್ರಾಂಟ್ ರೋಡಿಗೆ ಹೋದೆ.

ಸಂಪಾದಕರು ಪತ್ರ ಓದಿ ಕನ್ನಡಕ ತೆಗೆದರು. "ಪಾಪ. ಹಾಗಾಗಬಾರದಿತ್ತು."

"ಹೆಸರು ಊರು ಹಾಕಬ್ಯಾಡ್ರಿ ಅಂತ ತೆಗೆದು ಕೊಟ್ಟಿದ್ದೆ. ಯಾಕ ಹಾಕಿದ್ರಿ?"

"ಹೆಸರು ಎಲ್ಲಿ ಹಾಕಿದ್ದು? ಶಾಂ ಅಂದರೆ ಶಾಂಭವಿ ಇರಬಹುದು, ಶಾಂತಲೆ ಇರಬಹುದು. ಕಾರ್ಖಾನೆ ಅಂತ ಬರೆದವರು ನೀವಲ್ಲವಾ? ಅದರಲ್ಲಿ ನನ್ನ ತಪ್ಪು ಎಂತ ಉಂಟು?"

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನನಗೆ ಹೆಚ್ಚು ಉರಿದದ್ದು ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು ಎಂಬುದಕ್ಕೆ. ಕೆಳಗಿನ ನೀತಿ ನನ್ನದಲ್ಲ, ಹೆಣ್ಣುಮಕ್ಕಳು ದುಡಿಯುವುದು ತಪ್ಪೂ ಅಲ್ಲ ಎಂದು ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲೇಬೇಕೆಂದು ಪಟ್ಟು ಹಿಡಿದೆ. ಇಲ್ಲದಿದ್ದರೆ ಇವತ್ತಿಗೇ ಕಮಲಕ್ಕ ಸತ್ತಳು ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಬರೆಯಿರಿ. ಹಾಕುವ" ಅಂದರು. ಅಲ್ಲೇ ಮೇಜಿನ ಮೂಲೆಯಲ್ಲಿ ಕೂತು ಬರೆದುಕೊಟ್ಟೆ. "ಕಾಂದಿವಲಿಯ ಸೋದರಿಗೆ ಆದ ಅನ್ಯಾಯ" ಎಂದು ನಾನೇ ತಲೆಬರಹ ಕೊಟ್ಟೆ. ಸಿಟ್ಟಿನಲ್ಲಿ ಬುದ್ಧಿ ಎಲ್ಲಿರುತ್ತದೆ?

ಶುಕ್ರವಾರ ಕಾಂದಿವಲಿಗೆ ಹೋದೆ. ಎಲ್ಲ ಸರಿಹೋಗುತ್ತದೆ, ನಾಳೆಯ ಪತ್ರಿಕೆಯಲ್ಲಿ ಬರುತ್ತದೆ ಎಂದು ಶಾಂತಾಳಿಗೆ ಬಾಯಾರೆ ಹೇಳುವ ಆಸೆ. ಪತ್ರದ ಹಿಂದೆ ವಿಳಾಸವಿತ್ತು. ಸ್ಟೇಷನ್ನಿನಿಂದ ದೂರ, ಕಾರ್ಖಾನೆಗಳ ಶೆಡ್ಡುಗಳ ಹಿಂದೆ ತಗಡಿನ ಪತ್ರಾಸು ಹೊದಿಸಿದ ಖೋಲಿಗಳ ಸಾಲು. ಮೊಣಕಾಲ ಮಟ ನೀರು. ಕಟ್ಟಡದ ಸೈಟಿನಲ್ಲಿ ನೀರು ನಿಂತು ಆ ದಿನ ಕೆಲಸವಿರಲಿಲ್ಲವಾದ್ದರಿಂದ ಗಂಡಸರಿಬ್ಬರೂ ಮನೆಯಲ್ಲೇ ಇದ್ದರು. ಗಂಡ ಬಸಪ್ಪ ಗೌಂಡಿ, ಗದಗಿನ ಕಡೆಯವನು. ಅವನ ಅಣ್ಣ ಅದೇ ಸೈಟಿನಲ್ಲಿ ಕೂಲಿಯಾಳುಗಳ ಮೇಲಿನ ಮುಕಾದಮ. ಅಣ್ಣನ ಹೆಂಡತಿ ಮಕ್ಕಳು ಊರಲ್ಲಿ. ನಾನು ಕಮಲಕ್ಕ ಎಂದದ್ದೇ ಮುಕಾದಮ ಎದ್ದು ನಿಂತು ಕೈಮುಗಿದ. ಇದ್ದ ಒಂದು ಕುರ್ಚಿಯನ್ನು ಟವೆಲಿನಿಂದ ಒರೆಸಿ ಕೂರಿಸಿದ. ಶಾಂತಾ ಒಲೆಯ ಬಳಿಯಿಂದ ಒಮ್ಮೆ ನೋಡಿ ಸೆರಗು ಎಳೆದುಕೊಂಡಳು. ಇಪ್ಪತ್ತರ ಹುಡುಗಿ. ಕೈ ನಿಜವಾಗಿಯೂ ಸ್ವಚ್ಛವಿತ್ತು.

"ತಂಗಿನ್ನ ಕೆಲಸ ಬಿಡಿಸೀರಂತ, ಅದಕ್ಕ ಬಂದೀನಿ" ಎಂದೆ.

"ನಿಮ್ಮ ಮಾತಿನಂಗ ನಡದೀವ್ರಿ ಅಕ್ಕಾರ" ಎಂದ ಮುಕಾದಮ. ದೇವರ ಫೋಟೋದ ಹಿಂದಿನಿಂದ ಮಡಚಿದ ಪತ್ರಿಕೆ ತೆಗೆದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಓದಿದ. "ಏಳಿಗೆಯಲ್ಲ ಅಂತ ನೀವ ಬರದೀರಲ್ರಿ."

"ಆ ಸಾಲು ನಂದಲ್ರಿ. ಪ್ರೆಸ್ಸಿನವರು ಜಾಗಾ ತುಂಬಸಾಕ ಹಾಕಿದ್ದು."

"ಲಿಂಬಿಹಣ್ಣಿಂದು ಯಾರು ಬರದಿದ್ರಿ?"

"ಅದು ನಾನ."

"ಮ್ಯಾಲಿಂದು ನಿಮ್ದು, ಕೆಳಗಿಂದು ನಿಮ್ದಲ್ಲ. ಹೆಸರು ಒಂದ ಐತಿ. ಓದಾವ್ರು ಹೆಂಗ ತಿಳ್ಕೋಬೇಕ್ರಿ ಇದನ್ನ?"

ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳಿದ್ದ. ಊರಿಗೆಲ್ಲ ಉತ್ತರ ಕೊಡುವ ಕಮಲಕ್ಕ ಕುರ್ಚಿಯ ಮೇಲೆ ಕೂತು ಒದ್ದೆ ಸೆರಗು ಹಿಂಡತೊಡಗಿದಳು.

ಅಲ್ಲಿಯವರೆಗೆ ಬಾಗಿಲಲ್ಲಿ ಕೂತು ಮಳೆ ನೋಡುತ್ತಿದ್ದ ಬಸಪ್ಪ ಆಗ ಮಾತಾಡಿದ. ಅವನಿಗೆ ಓದು ಬರುತ್ತಿರಲಿಲ್ಲ. "ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನ್ರಿ? ಹೋಗು ಅಂತಿದ್ದೆ. ನನ್ನ ಹೇಣ್ತಿ ಏನ್ ಮಾಡ್ತಾಳ ಅಂತ ನಾ ಪೇಪರ್ನ್ಯಾಗ ತಿಳ್ಕೋಬೇಕಾತು. ಅದೂ ಇಪ್ಪತ್ತು ಮಂದಿ ಮುಂದ." ಅಣ್ಣನ ಕಡೆ ನೋಡದೆ ಹೇಳಿದ, "ಮಂದಿ ಮರೀಲಿ ಅಂತ ಸುಮ್ನಿದ್ದೀನಿ. ದಸರಾ ಆದ ಮ್ಯಾಲ ಮತ್ತ ಹೋಗ್ಲಿ ಅಂತ ಆಕಿಗೆ ಹೇಳೀನಿ. ಕಾರಖಾನಿಯವ್ರೂ ಹೂಂ ಅಂದಾರಂತ. ನೀವು ಏನೂ ಮಾಡಬ್ಯಾಡ್ರಿ ಅಕ್ಕಾರ. ಸುಮ್ನಿದ್ರ ಸಾಕು."

ಶಾಂತಾ ಚಹಾದ ಕಪ್ಪು ತಂದು ಕೊಡುತ್ತ ನನ್ನ ಕಡೆ ನೋಡಿದಳು. ಆ ನೋಟದಲ್ಲಿಯೂ ಅದೇ ಇತ್ತು, ಸುಮ್ಮನಿರಿ ಎಂದು. ನಾನು ಕಪ್ಪನ್ನು ಹಾಗೇ ನೆಲದ ಮೇಲಿಟ್ಟೆ. ನಾಳೆ ಬೆಳಿಗ್ಗೆ "ಕಾಂದಿವಲಿಯ ಸೋದರಿಗೆ ಆದ ಅನ್ಯಾಯ" ಪೇಟೆಗೆ ಬರುತ್ತದೆ. ಆ ಮನೆ ತಾನೇ ತೇಪೆ ಹಾಕಿಕೊಳ್ಳುತ್ತಿದ್ದಾಗ ನಾನು ಅದೇ ಜಾಗಕ್ಕೆ ಮತ್ತೆ ಕತ್ತರಿ ಹಾಕಿದ್ದೆ. ಹೇಳಿ ಕ್ಷಮೆ ಕೇಳುವ ಧೈರ್ಯವೂ ಆಗಲಿಲ್ಲ. ಮಧ್ಯಾಹ್ನವಷ್ಟೇ ಆಗಿದೆ, ಇನ್ನೂ ತಡೆಯಬಹುದು ಎಂದು ಚಪ್ಪಲಿ ಕೈಯಲ್ಲಿ ಹಿಡಿದು ನೀರಲ್ಲಿ ಓಡಿದೆ.

ಮಳೆಗೆ ಲೋಕಲ್ ಮಾಹಿಮಿನ ಹತ್ತಿರ ನಿಂತಿತು. ಮುಂದೆ ಹೋಗಲೊಲ್ಲದು, ಹಿಂದೆ ಬರಲೊಲ್ಲದು. ಹೆಂಗಸರ ಡಬ್ಬಿಯಲ್ಲಿ ಒಬ್ಬಾಕೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಇನ್ನೊಬ್ಬಾಕೆ ಮಳೆಗಾಲದಲ್ಲಿ ಸೊಪ್ಪಿನ ಹುಳ ಹೇಗೆ ತೆಗೆಯಬೇಕೆಂದು ಮರಾಠಿಯಲ್ಲಿ ವಿವರಿಸುತ್ತಿದ್ದಳು, ತಪ್ಪು ತಪ್ಪಾಗಿ. ಅವತ್ತು ನನಗೆ ತಿದ್ದಬೇಕೆನಿಸಲಿಲ್ಲ. ಗ್ರಾಂಟ್ ರೋಡ್ ಮುಟ್ಟಿದಾಗ ನಾಲ್ಕು ದಾಟಿತ್ತು. ಮೆಟ್ಟಿಲು ಹತ್ತುವಾಗಲೇ ಮಷೀನಿನ ಸದ್ದು ಇಲ್ಲದ್ದು ಗೊತ್ತಾಯಿತು. ಖಾದರಸಾಬರು ಕೈಯ ಮಸಿ ತೊಳೆಯುತ್ತಿದ್ದರು.

"ಆಗೇತ್ರಿ ಬಾಯಾರ. ಮಳಿ ಐತಿ ಅಂತ ಸಾಹೇಬ್ರು ಲಗೂನ ಮುಗಸಾಕ ಹೇಳಿದ್ರು. ಬಂಡಲ್ ಎಲ್ಲಾ ಸ್ಟೇಷನ್ನಿಗೆ ಹೋಗ್ಯಾವ."

ನಾನು ಅಲ್ಲೇ ಕಾಗದದ ರಾಶಿಯ ಮೇಲೆ ಕೂತುಬಿಟ್ಟೆ. ಅವರು ಕೈ ಒರೆಸಿಕೊಳ್ಳುತ್ತ ವಿಷಯವನ್ನೆಲ್ಲ ಕೇಳಿದರು. ಆಮೇಲೆ ಮೂಲೆಯ ಹಲಗೆಯಿಂದ ದಾರ ಸುತ್ತಿದ ಒಂದು ಸಾಲು ತಂದು ನನಗೆ ತೋರಿಸಿ, ದಾರ ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಮನೆಗೆ ಹಾಕಿದರು. ಏಳಿಗೆಯ ಸಾಲು ಅದು. ಆ ಪ್ರೆಸ್ಸಿನಲ್ಲಿ ನನ್ನ ಕ್ಷಮೆ ಕೇಳಿದವರು ಅವರೊಬ್ಬರೇ.

ಮುಂದೆ ನಾನು ಮಾಡಿದ್ದನ್ನು ಹೇಳಲು ನಗು ಬರುತ್ತದೆ, ಅಳುವೂ ಬರುತ್ತದೆ. ಶನಿವಾರ ಬೆಳಿಗ್ಗೆ ಮೊದಲ ಗಾಡಿಗೆ ಕಾಂದಿವಲಿಗೆ ಹೋಗಿ ಸ್ಟೇಷನ್ನಿನ ಅಂಗಡಿಯಲ್ಲಿದ್ದ ನಮ್ಮ ಪತ್ರಿಕೆಯ ಅಷ್ಟೂ ಪ್ರತಿ ಕೊಂಡೆ. ಎರಡು ಚೀಲ ತುಂಬಿತು. ಅಂಗಡಿಯವನು ಬಾಯಿ ಬಿಟ್ಟು ನೋಡಿದ. ಮನೆಗೆ ತಂದು ಮಂಚದ ಕೆಳಗೆ ತುರುಕಿದೆ. ನಮ್ಮನೆಯವರು ಬಗ್ಗಿ ನೋಡಿ, "ನಿನ್ನ ಲೇಖನ ನಿನಗ ಅಷ್ಟು ಸೇರ್ತದೇನು?" ಎಂದರು.

ಮುಂದಿನ ವಾರ ಆಫೀಸಿಗೆ ಹೋದಾಗ ಸಂಪಾದಕರು ಕಾಫಿ ತರಿಸಿದರು. ಕಾಫಿ ತರಿಸುವ ಮನುಷ್ಯರೇ ಅಲ್ಲ. "ಸುಶೀಲಮ್ಮ, ಕಾಂದಿವಲಿಯಲ್ಲಿ ಒಂದೇ ಒಂದು ಪ್ರತಿ ಉಳಿಯಲಿಲ್ಲ. ಅಂಗಡಿಯವ ಇನ್ನೂ ಕಳಿಸಿ ಅಂತ ಹೇಳಿ ಕಳಿಸಿದ್ದಾನೆ. ಆ ಶಾಂತಾಳ ವಿಷಯ ಇನ್ನೊಂದು ಎರಡು ವಾರ ಎಳೆಯುವ, ಆಗದಾ?" ಕೊಂಡವಳು ನಾನೇ ಎಂದು ಹೇಳಿದೆ. ಅವರು ನಂಬಲಿಲ್ಲ, ತಮಾಷೆ ಅಂದುಕೊಂಡು ನಕ್ಕರು. ಆ ವಾರ ಕಾಂದಿವಲಿಗೆ ಎರಡು ಪಾಲು ಪತ್ರಿಕೆ ಹೋಯಿತು.

ಇಷ್ಟೆಲ್ಲ ಮಾಡಿ ಏನು ಬಂತು? ಮುಕಾದಮ ಪತ್ರಿಕೆ ಕೊಳ್ಳುತ್ತಿದ್ದದ್ದು ಕಾಂದಿವಲಿಯಲ್ಲಿ ಅಲ್ಲವೇ ಅಲ್ಲ. ಅವರ ಸೈಟು ಮಾಲಾಡಿನಲ್ಲಿ, ಕೆಲಸ ಬಿಟ್ಟು ಬರುವಾಗ ಅಲ್ಲಿಯೇ ಕೊಳ್ಳುತ್ತಿದ್ದ. ಇದು ನನಗೆ ಗೊತ್ತಾದದ್ದು ಮತ್ತೆ ಆ ಖೋಲಿಗೆ ಹೋದಾಗ. ಮುಕಾದಮ ಕೆಲಸಕ್ಕೆ ಹೋಗಿದ್ದ, ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಹೇಳಿದಳು: ಐತವಾರ ಮತ್ತೆ ಓದಿದ್ದರು, ಈ ಸಲ ಯಾರೋ ನಡುವೆಯೇ "ಅನ್ಯಾಯ ಮಾಡ್ದಂವ ಇಂವನ ನೋಡ್ರಿ" ಎಂದು ಬಸಪ್ಪನನ್ನು ನೋಡಿ ನಕ್ಕಿದ್ದ, ಬಸಪ್ಪ ಅವನ ಮೇಲೆ ಕೈ ಮಾಡಿದ್ದ. ಎರಡು ದಿನಕ್ಕೆ ಗಂಡ ಹೆಂಡತಿ ಅಣ್ಣನನ್ನು ಬಿಟ್ಟು, ಗಂಟುಮೂಟೆ ಕಟ್ಟಿ ಹೋಗಿದ್ದರು. "ಎಲ್ಲಿಗೆ ಹೋದ್ರು?" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಪೇಪರ್ನಾವ್ರೇನು?" ಎಂದಳು. ನಾನು ಹೌದೆನ್ನುವುದರೊಳಗೆ ಬಾಗಿಲು ಹಾಕಿಕೊಂಡಳು.

ಮುಂದಿನ ಎರಡು ತಿಂಗಳು ನಾನು ಬರೆದದ್ದೆಲ್ಲ ಹಪ್ಪಳ, ಸಂಡಿಗೆ, ಇರುವೆ, ಗೆದ್ದಲು. ಮನುಷ್ಯರ ಪತ್ರ ಕೈಯಲ್ಲಿ ಹಿಡಿಯಲೇ ಇಲ್ಲ. ಬರೆಯುವಾಗ ಸಾಲು ಎಣಿಸುತ್ತಿದ್ದೆ, ಒಂದೂ ಕಡಿಮೆ ಬೀಳದಂತೆ. ಒಂದು ಸಾಲು ಜಾಸ್ತಿಯಾದರೆ ಸಂಪಾದಕರು ಕೊನೆಯದನ್ನು ಕತ್ತರಿಸುತ್ತಿದ್ದರು. ಒಮ್ಮೆ ಹೀಗೇ ಕತ್ತರಿಸಿ ಉಪ್ಪಿನಕಾಯಿಗೆ ಉಪ್ಪು ಹಾಕುವ ಸಾಲೇ ಹೋಯಿತು. ಅರ್ಧ ಮುಂಬಯಿಯ ಕನ್ನಡಿಗರ ಉಪ್ಪಿನಕಾಯಿ ಬೂಸು ಹಿಡಿದು, ಅವರ ಬೈಗುಳ ಕಾರ್ಡಿನ ಮೇಲೆ ಕಾರ್ಡು ಬಂದವು. ಒಂದು ತರಹ ಸಮಾಧಾನವಾಯಿತು, ಯಾರಾದರೂ ಬೈಯಬೇಕಿತ್ತು.

ದಸರಾ ಕಳೆದು ಮಳೆ ಪೂರ್ತಿ ನಿಂತ ಮೇಲೆ ಒಂದು ದಿನ ಆಫೀಸಿಗೆ ಹೋದರೆ ಸಂಪಾದಕರು ಒಂದು ಕಾರ್ಡು ಹಿಡಿದು ನನ್ನ ದಾರಿ ಕಾಯುತ್ತಿದ್ದರು. ಮುಖ ಅರಳಿತ್ತು. "ನೋಡಿ, ನೋಡಿ. ಸುಖಾಂತ ಆಯಿತು." ದುಂಡನೆಯ ಅಕ್ಷರ ದೂರದಿಂದಲೇ ಗುರುತು ಹಿಡಿದೆ. "ಕಮಲಕ್ಕಾರಿಗೆ ನಮಸ್ಕಾರ. ನಾವು ಬ್ಯಾರೆ ಕಡೆ ಬಂದೀವಿ. ಎಲ್ಲಿ ಅಂತ ಬರಿಯಂಗಿಲ್ಲ, ಸಿಟ್ಟಾಗಬ್ಯಾಡ್ರಿ. ನಾ ಮತ್ತ ಕೆಲಸಕ್ಕ ಹೊಂಟೀನಿ. ಅವರಿಗೆ ಗೊತ್ತೈತಿ, ದಿನಾ ಅವರೇ ಬಿಟ್ಟು ಬರತಾರ. ನೀವು ಚಿಂತಿ ಮಾಡತಿರಬೇಕಂತ ಬರದೀನಿ. ಕೈ ಮುಗದು ಕೇಳತೀನಿ, ಇದನ್ನ ಛಾಪಸಬ್ಯಾಡ್ರಿ."

ನಾನು ಓದಿ ಮುಗಿಸುವ ಮೊದಲೇ ಅವರು ಶುರುಮಾಡಿದರು. "ಇದೇ ವಾರ ಹಾಕುವ. ಜನ ಕಾಯ್ತಾ ಇದ್ದಾರೆ, ಅವಳಿಗೆ ಎಂತಾಯ್ತು ಅಂತ. ಊರು ಬರೆಯಲಿಲ್ಲ ಅವಳು, ಆದರೆ ಪೋಸ್ಟಿನ ಠಪ್ಪೆ ನೋಡಿ, ಸ್ಪಷ್ಟ ಉಂಟು."

"ಛಾಪಸಬ್ಯಾಡ್ರಿ ಅಂತ ಬರದಾಳಲ್ರಿ."

"ಆ ಒಂದು ಸಾಲು ತೆಗೆದರೆ ಆಯಿತಪ್ಪ."

ಜೀವನದಲ್ಲಿ ಎಷ್ಟೋ ಸಲ ಸಿಟ್ಟಾಗಿದ್ದೇನೆ, ಹೆಚ್ಚಿನವು ವ್ಯರ್ಥ. ಆ ಹೊತ್ತಿನ ಸಿಟ್ಟು ಮಾತ್ರ ಕೆಲಸಕ್ಕೆ ಬಂತು. ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದೆ. "ಅದು ಪತ್ರಿಕೆಗೆ ಬಂದ ಪತ್ರ, ಸುಶೀಲಮ್ಮ. ಹಾಗೆ ತಕೊಂಡು ಹೋಗುವ ಹಾಗಿಲ್ಲ" ಎಂದು ಅವರು ಬಾಗಿಲವರೆಗೆ ಬಂದರು. "ಕಮಲಕ್ಕನಿಗೆ ಬಂದ ಪತ್ರ" ಎಂದೆ. "ಕಮಲಕ್ಕ ಪತ್ರಿಕೆಯವಳಲ್ಲವಾ?" ಎಂದರು. "ಹಂಗಾದ್ರ ಆಕಿನ್ನ ನೀವ ಇಟ್ಕೋರಿ" ಎಂದು ಮೆಟ್ಟಿಲು ಇಳಿದೆ. ಮತ್ತೆ ಹತ್ತಲಿಲ್ಲ.

ಅವರು ಇಟ್ಟುಕೊಂಡರು. ಮುಂದಿನ ಶನಿವಾರವೂ ಕಮಲಕ್ಕನ ಸಲಹೆ ಬಂತು, ಅದರ ಮುಂದಿನ ಶನಿವಾರವೂ. ಯಾರು ಬರೆದರೋ ನಾನು ಕೇಳಲಿಲ್ಲ. ಜೋಳದ ಹಿಟ್ಟನ್ನು ಮತ್ತೆ ತಣ್ಣೀರಲ್ಲಿ ನಾದಿದ್ದರು. ಬಿಟ್ಟ ವಿಷಯ ಇನ್ನೂ ತಿಳಿಯದ ನಮ್ಮನೆಯವರು ಚಹಾ ಕುಡಿಯುತ್ತ ಅದನ್ನು ಓದಿ, "ಈ ಸಲ ಛಲೋ ಬರದಿ. ಚುಚ್ಚು ಮಾತಿಲ್ಲ, ಏನಿಲ್ಲ" ಎಂದು ಮೊದಲ ಸಲ ಹೊಗಳಿದರು. ನಾನು ಮೋರಿಯ ಬಳಿ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಕಾರ್ಡು ಬಹಳ ದಿನ ಕೈಚೀಲದಲ್ಲೇ ಇತ್ತು. ಒಂದು ದಿನ ಠಪ್ಪೆಯ ಮೇಲಿನ ಊರಿನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಆಮೇಲೆ ಅದೂ ಸಾಲದು ಎನಿಸಿ ಒಲೆಗೆ ಹಾಕಿದೆ. ಆ ಊರಿಗೆ ಹೋಗಿ ಹುಡುಕಬಹುದಿತ್ತು, ಹೋಗಲಿಲ್ಲ. ಅವಳು ನನ್ನಿಂದ ಕೇಳಿದ್ದು ಎರಡೇ. ಮೊದಲನೆಯದು ಬೆರಳಿನ ಬಣ್ಣಕ್ಕೆ ಉಪಾಯ, ಅದನ್ನು ಊರಿಗೆಲ್ಲ ಡಂಗುರ ಸಾರಿ ಕೊಟ್ಟೆ. ಎರಡನೆಯದು ಛಾಪಿಸಬೇಡಿ ಎಂಬುದು. ಅದನ್ನು ಐವತ್ತು ವರ್ಷ ನಡೆಸಿ, ಈಗ ಇಲ್ಲಿ ಮುರಿಯುತ್ತಿದ್ದೇನೆ. ಬರೆಯುವವರ ಚಟ ಎಂದೆನಲ್ಲ, ಅದು ಹೋಗುವಂಥದ್ದಲ್ಲ. ಆದರೆ ಈ ಸಲ ಗುರುತು ಸಿಗದಂತೆ ನಾನೇ ಕೂತು ನೋಡಿಕೊಂಡಿದ್ದೇನೆ. ಅವಳ ಹೆಸರು ಶಾಂತಾ ಅಲ್ಲ. ಗಂಡನ ಹೆಸರು ಬಸಪ್ಪ ಅಲ್ಲ, ಅವನು ಗದಗಿನ ಕಡೆಯವನೂ ಅಲ್ಲ. ಕಾರ್ಖಾನೆಯಲ್ಲಿ ಬಣ್ಣ ಹಾಕುತ್ತಿದ್ದದ್ದು ಬಟನ್ನಿಗಲ್ಲ. ಖೋಲಿ ಇದ್ದದ್ದು ಕಾಂದಿವಲಿಯಲ್ಲಿ ಅಲ್ಲ. ಓದುತ್ತ ಓದುತ್ತ ನಿಮ್ಮ ಚಾಳಿನ ಯಾವ ಅಜ್ಜಿಯದೋ ಕೈ ನೆನಪಾಗಿದ್ದರೆ, ಅವಳಲ್ಲ. ಅವಳನ್ನು ಕೇಳಬೇಡಿ.